ದರ್ಜಿಯ ಹೆಂಡತಿಯ ದ್ವೀಪಯಾತ್ರೆ

ಆ ದ್ವೀಪದ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಮದುವೆಯಾದ ಒಂಬತ್ತನೆಯ ದಿನ. ನಮ್ಮ ಯಜಮಾನರು ದರ್ಜಿ. ಹಡಗಿನವನೊಬ್ಬ ಪ್ಯಾಂಟಿಗೆ ಅಳತೆ ಕೊಡುತ್ತಾ, ಸಮುದ್ರದ ನಡುವೆ ಹಳೇ ಕೋಟೆ, ಸುತ್ತ ಸಕ್ಕರೆಯಂಥ ಮರಳು ಎಂದೆಲ್ಲ ಬಣ್ಣಿಸಿ ಹೋದ. ಇವರು ಒಳಗೆ ಬಂದು, ಮುಂದಿನ ಮಂಗಳವಾರ ಹೋಗೋಣ ಅಂದರು. ದರ್ಜಿಯ ಮಂಗಳವಾರ ಎಂದರೇನು ಅಂತ ಆಗ ನನಗೆ ಗೊತ್ತಿರಲಿಲ್ಲ. (ಬಟ್ಟೆ ಹೊಲಿಯಲು ಕೊಟ್ಟವರನ್ನು ಕೇಳಿ, ಹೇಳುತ್ತಾರೆ.) ನನ್ನ ಮಂಗಳವಾರ ಬರಲು ಇಪ್ಪತ್ತಾರು ವರ್ಷ ಹಿಡಿಯಿತು.

ನನಗೆ ಕೋಟೆಯೂ ಬೇಕಿರಲಿಲ್ಲ, ಕೊತ್ತಲವೂ ಬೇಕಿರಲಿಲ್ಲ. ಈ ಮನುಷ್ಯ ಒಂದೇ ಒಂದು ದಿನ ಕೈಯಲ್ಲಿ ಸೂಜಿಯಿಲ್ಲದೆ ನನ್ನ ಪಕ್ಕದಲ್ಲಿ ಕೂರಬೇಕು, ಅಷ್ಟೇ. ಮನೆಯಲ್ಲಿ ನಾನು ಕಂಡದ್ದೆಲ್ಲ ಅವರ ಬೆನ್ನು. ಮುಖ ನೋಡುವ ಭಾಗ್ಯ ಹೊಲಿಗೆ ಮಿಷನ್ನಿನದು.

ಹೊರಡುವ ಬೆಳಿಗ್ಗೆ ನನಗೊಂದು ಹೊಸ ನೀಲಿ ನಿಲುವಂಗಿ ಕೈಗಿಟ್ಟರು. ದೋಣಿ ಹತ್ತುವವರೆಗೆ ನಾನು ಮಹಾರಾಣಿ. ಕೂತಮೇಲೆ ಅವರ ಜೇಬಿನಲ್ಲಿ ಏನೋ ಗಿಲಕ್ ಎಂದಿತು. ಸೂಜಿ ಡಬ್ಬಿ.

ದ್ವೀಪದಲ್ಲಿ ಇಳಿದದ್ದೇ ತಡ, ಕೋಟೆಯ ಕಾವಲುಗಾರನ ಅಂಗಿಯ ಹರಿದ ತೋಳು ಇವರ ಕಣ್ಣಿಗೆ ಬಿತ್ತು. ಅವನ ಹಿಂದಿದ್ದ ಅಷ್ಟೆತ್ತರದ ಹೆಬ್ಬಾಗಿಲು ಮಾತ್ರ ಕಣ್ಣಿಗೆ ಬೀಳಲಿಲ್ಲ. ತೋಳು ಹೊಲಿದು ಮುಗಿಸುವಷ್ಟರಲ್ಲಿ ದೋಣಿಯವನು ಹರಕು ಹಾಯಿ ಹೊತ್ತು ತಂದ. ನಾನು ಮರಳಿನಲ್ಲಿ ಒಬ್ಬಳೇ ಕೂತು ಅಲೆ ಎಣಿಸಿದೆ. ನಲವತ್ತು ದಾಟಿದ ಮೇಲೆ ಸಿಟ್ಟು ನೆತ್ತಿಗೇರಿತು. ಇವರು ನೀರು ಕುಡಿಯಲು ಎದ್ದುಹೋದ ಹೊತ್ತು ನೋಡಿ, ಡಬ್ಬಿಯನ್ನು ದಾರ ಸೂಜಿ ಸಮೇತ ಸಮುದ್ರರಾಜನಿಗೆ ಸಮರ್ಪಿಸಿಬಿಟ್ಟೆ.

ಯುದ್ಧ ಗೆದ್ದವಳ ಹಾಗೆ ಕೋಟೆಯ ಮೆಟ್ಟಿಲು ಹತ್ತತೊಡಗಿದೆ. ಏಳನೆಯ ಮೆಟ್ಟಿಲಿಗೆ ಕಾಲೆತ್ತಿದ್ದೇ ಬೆನ್ನ ಮೇಲೆ ಪರ್ ಎಂದು ಸದ್ದು. ಕತ್ತಿನಿಂದ ಸೊಂಟದವರೆಗೆ ತಂಪು ಗಾಳಿ. ಹಿಂದೆ ಪ್ರವಾಸಿಗಳ ಉದ್ದನೆಯ ಸಾಲು. ಇವರು ಓಡಿಬಂದು ಎರಡೂ ಕೈಯಲ್ಲಿ ಬಟ್ಟೆ ಸೇರಿಸಿ ಹಿಡಿದರು.

"ಬೆನ್ನು ಇನ್ನೂ ಕಚ್ಚಾ ಹೊಲಿಗೇಲೇ ಇದೆ ಕಣೇ. ಇಲ್ಲಿ ನಿನ್ನ ಪಕ್ಕ ಕೂತು ಮುಗಿಸೋಣ ಅಂತಾನೇ ಡಬ್ಬಿ ತಂದಿದ್ದು. ಎಲ್ಲಿ ಅದು?"

ನಾನು ಸಮುದ್ರದ ಕಡೆ ನೋಡಿದೆ. ಅವರೂ ನೋಡಿದರು.

"ಸರಿಹೋಯ್ತು," ಅಂದರು.

ಸಂಜೆಯ ದೋಣಿ ಬರುವವರೆಗೆ ಬೇರೆ ದಾರಿಯಿರಲಿಲ್ಲ. ಅಂಗಿ ಬಾಯಿ ಬಿಡದಂತೆ ನನ್ನ ಬೆನ್ನಿಗೆ ಬೆನ್ನು ಒತ್ತಿ ಕೂತರು. ಅವರ ಮುಖ ಕೋಟೆಗೆ, ನನ್ನದು ನೀರಿಗೆ. ಇಪ್ಪತ್ತಾರು ವರ್ಷ ಕಾದು, ಕಡಲು ದಾಟಿ ಬಂದರೂ ನನ್ನ ಪಾಲಿಗೆ ಬಂದದ್ದು ಅದೇ ಬೆನ್ನು. ಕಾವಲುಗಾರ ಬೇಕೆಂದೇ ನಾಲ್ಕು ಸಲ ಹಾದುಹೋದ. ಆದರೆ ಆ ಮಧ್ಯಾಹ್ನ ಅವರು ಮಾತಾಡಿದಷ್ಟು ಮನೆಯಲ್ಲಿ ಎಂದೂ ಮಾತಾಡಿದ್ದಿಲ್ಲ. ನಕ್ಕರೆ ನನ್ನ ಬೆನ್ನೂ ಕುಲುಕುತ್ತಿತ್ತು. ಚಳಿಯಾದಾಗ ಈಗಲೂ ಆ ಬಿಸಿಯೇ ನೆನಪಾಗುತ್ತದೆ.

ಅವರು ಹೋಗಿ ಐದು ವರ್ಷವಾಯಿತು. ಕೊನೆಯ ತಿಂಗಳು ಹಾಸಿಗೆ ಹಿಡಿದಿದ್ದರು. ಇಡೀ ದಿನ ಬಾಗಿಲ ಕಡೆಗೇ ಮುಖ. ಆಗ ಪುರುಸೊತ್ತಿಲ್ಲದವಳು ನಾನು. ಗಂಜಿ ಕಾಯಿಸು, ಮಾತ್ರೆ ಕೊಡು, ಬಟ್ಟೆ ಒಗೆ. ಕರೆದಾಗಲೆಲ್ಲ ಬಂದೆ ಎನ್ನುತ್ತಿದ್ದೆ, ಹೋಗುತ್ತಿರಲಿಲ್ಲ. ಆವತ್ತೂ ಬಚ್ಚಲಲ್ಲಿ ಅವರ ಹೊದಿಕೆ ಹಿಂಡುತ್ತಿದ್ದೆ. ಒಳಗಿನಿಂದ ಮೆಲ್ಲಗೆ ಕೇಳಿಸಿತು.

"ಅದು ನಾಳೆ ಒಣಗುತ್ತೆ ಬಿಡೇ. ಸ್ವಲ್ಪ ಇಲ್ಲಿ ಬಂದು ಕೂತ್ಕೋ."