ಶನಿವಾರಕ್ಕಂತ ತಂದ ಎಣ್ಣಿ

ತಪ್ಪೆಲ್ಲ ಶಿವಪ್ರಕಾಶನ ಬಾಯಿಯದು. ಶುಕ್ರವಾರ ಸಂಜೆ ಬೈಕಿಗೆಂದು ಎಂಜಿನ್ ಆಯಿಲ್ ಡಬ್ಬಿಯನ್ನೂ ಹೊಸ ಫಿಲ್ಟರನ್ನೂ ತಂದವನು, ಡಬ್ಬಿಯನ್ನು ದೇವರ ಜಗಲಿಯ ಪಕ್ಕ ಇಟ್ಟು, "ಅವ್ವಾ, ಈ ಎಣ್ಣಿ ಶನಿವಾರಕ್ಕಂತ ತಂದೀನಿ. ಅಡಿಗಿಗೆ ಮುಟ್ಟಬ್ಯಾಡ" ಎಂದುಬಿಟ್ಟ. ಶನಿವಾರ ಮನೆಗೆ ಎಣ್ಣೆ, ಕಬ್ಬಿಣ ತರಕೂಡದೆಂಬುದು ಅವ್ವ ಯಂಕವ್ವನ ಕಟ್ಟಪ್ಪಣೆ. ಕಲಬುರಗಿ ಬಿಟ್ಟು ಮರಾಠಿ ಸೀಮೆಯ ಕೊಂಢವಾಕ್ಕೆ ಬರುವಾಗ ಆ ಅಪ್ಪಣೆಯೂ ಸಾಮಾನಿನ ಜೊತೆಗೇ ಬಂದಿತ್ತು.

ಬೈಕೇನೂ ಅವನದಲ್ಲ, ಸೋದರಮಾವ ಕಾಡಪ್ಪನದು. ಖಡಕಿಯ ಕಾರ್ಖಾನೆಯಲ್ಲಿ ದುಡಿಯುವ ಕಾಡಪ್ಪ ಒಂದು ನಟ್ಟು ಸಡಿಲಾದರೂ ನಿದ್ದೆಗೆಡುವ ಮನುಷ್ಯ. ಹೊಸ ಬೈಕು ಕೊಳ್ಳುವ ಯೋಚನೆಯಲ್ಲಿದ್ದವನು ಹಳೆಯದನ್ನು ಅಳಿಯನ ಕೈಗಿತ್ತು ಹೇಳಿದ್ದ: "ಎಣ್ಣಿ, ಫಿಲ್ಟರ್ ನೀನ ಬದ್ಲಿ ಮಾಡು. ಶನಿವಾರ ಸಂಜೀಕ ಬಂದು ನೋಡ್ತೀನಿ. ಜ್ವಾಕಿ ಮಾಡಾಕ ಬರ್ತದ ಅನಿಸಿದ್ರ ಗಾಡಿ ನಿನಗ ಬಿಡ್ತೀನಿ."

ಎರಡು ಬಸ್ಸು ಬದಲಿಸಿ, ಯಾರದೋ ಕಂಕುಳಲ್ಲಿ ಮೂಗಿಟ್ಟುಕೊಂಡು ಆಫೀಸಿಗೆ ಹೋಗುವ ಶಿವಪ್ರಕಾಶನಿಗೆ ಇನ್ನೇನು ಬೇಕು!

ಶನಿವಾರ ಮಧ್ಯಾಹ್ನ ಊಟವಾದದ್ದೇ ಪಾರ್ಕಿಂಗಿಗೆ ಇಳಿದ. ಎಂಜಿನ್ ಸ್ವಲ್ಪ ಬಿಸಿ ಮಾಡಿ, ಕೆಳಗೆ ಹಳೆಯ ಟಬ್ ಇಟ್ಟು, ಮೊಬೈಲಿನ ವಿಡಿಯೋ ನೋಡುತ್ತ ಅಡಿಯ ಬೋಲ್ಟಿಗೆ ಪಾನಾ ಹಾಕಿದ. ನೆಲಮಹಡಿಯ ಜೋಗಳೇಕರ ಕಾಕಾ ಕುರ್ಚಿ ಸಮೇತ ಹಾಜರಾದರು. ಕಾಕಾನಿಗೆ ಬೈಕು ಓಡಿಸಲು ಬಾರದು, ಸಲಹೆ ಕೊಡಲು ಬರುತ್ತಿತ್ತು.

"ಉಲಟಾ ಫಿರವ್ ರೇ, ಉಲಟಾ!"

ಪಾಪ, ಉಲ್ಟಾ ತಿರುಗಿಸಿದ. ಬೋಲ್ಟು ಇನ್ನಷ್ಟು ಬಿಗಿಯಾಯಿತು. "ಮಗ ದುಸರೀಕಡೇ!" ಎಂದರು ಕಾಕಾ, ಮೊದಲಿನಿಂದಲೂ ಇನ್ನೊಂದು ಕಡೆಗೇ ತಿರುಗಿಸು ಅಂದವರ ಹಾಗೆ. ಈ ಸಲ ಬೋಲ್ಟು ಸಡಿಲಾಗಿ, ಕೈಜಾರಿ, ಕಪ್ಪೆಣ್ಣೆಯ ಟಬ್ಬಿನೊಳಗೆ ಬಿತ್ತು. ಎಣ್ಣೆ ಆರಲಿ ಎಂದು ಕಾದು, ಮೊಣಕೈತನಕ ಕೈ ಹಾಕಿ ಹುಡುಕಿ ತೆಗೆಯುವಷ್ಟರಲ್ಲಿ ಶಿವಪ್ರಕಾಶ ಗಾಣದಲ್ಲಿ ಬಿದ್ದೆದ್ದವನಂತೆ ಕಾಣುತ್ತಿದ್ದ. ಆದರೂ ಹೊಸ ಫಿಲ್ಟರ್ ಕೂತಿತು, ಬೋಲ್ಟೂ ಬಿಗಿಯಾಯಿತು. ಇನ್ನು ಎಣ್ಣೆ ಸುರಿದರೆ ಬೈಕು ತನ್ನದೇ ಎಂದುಕೊಂಡು ಡಬ್ಬಿ ತರಲು ಮೇಲೆ ಓಡಿದ.

ಡಬ್ಬಿ ಬಚ್ಚಲಿನಲ್ಲಿತ್ತು. ತಿಕ್ಕಿ ತೊಳೆದು ಬೋರಲು ಹಾಕಿತ್ತು.

"ಅವ್ವಾ! ಇದರಾಗಿನ ಎಣ್ಣಿ ಎಲ್ಲಿ?"

"ಶನಿದೇವರಿಗೆ ಹಾಕಿ ಬಂದೆನಲ್ಲೋ. ಶನಿವಾರಕ್ಕಂತ ತಂದೀನಿ ಅಂತ ನೀನ ಹೇಳಿದ್ದಿ. ಕೆಳಗ ಕೈ ಹೊಲಸ ಮಾಡ್ಕೊಂಡು ಕುಂತಿದ್ದಿ, ಅದಕ್ಕ ನಾನ ಹೋದೆ. ಎಂಥಾ ಗಟ್ಟಿ ಎಣ್ಣಿ ತಂದಿದ್ಯೋ ನನ್ನಪ್ಪಾ! ದೇವರು ಹೆಂಗ ಹೊಳ್ಯಾಕತ್ತಾನ!"

ಶಿವಪ್ರಕಾಶನಿಗೆ ಅಳು ಬಂತು. ಇನ್ನೊಂದು ಡಬ್ಬಿ ತರುತ್ತೇನೆಂದು ಹೊರಟರೆ ಯಂಕವ್ವ ಬಾಗಿಲಿಗೆ ಅಡ್ಡ ನಿಂತಳು. "ಶನಿವಾರ ಎಣ್ಣಿ ತರ್ತೀಯಾ? ತಲಿ ನೆಟ್ಟಗದ ಏನು?"

"ಮನ್ಯಾಗ ಅಲ್ಲಬೇ, ಬೈಕಿನ್ಯಾಗ ಹಾಕ್ತೀನಿ!"

"ಬೈಕ್ ಯಾರ ಮನೀದು?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕಾಡಪ್ಪ. "ಶಿವ್ಯಾ, ನಿಮ್ಮ ಗಲ್ಲಿಗೆ ಬಂದೀನಿ. ಚಹಾ ಇಡಾಕ ಹೇಳು."

ಅಂಗಡಿಗೆ ಹೋಗಲು ಇನ್ನೆಲ್ಲಿಯ ಹೊತ್ತು? ಹಗ್ಗದ ಮೇಲಿನ ಹಳೆಯ ಧೋತರ ಕಿತ್ತುಕೊಂಡು, ಖಾಲಿ ಡಬ್ಬಿ ಹಿಡಿದು ಕೆಳಗೆ ಓಡಿದ. ಟಬ್ಬಿನಲ್ಲಿದ್ದ ಅದೇ ಕಪ್ಪೆಣ್ಣೆಯನ್ನು ಧೋತರದಲ್ಲಿ ಸೋಸಿ ಅದೇ ಎಂಜಿನ್ನಿಗೆ ಮರಳಿ ಸುರಿದ. ಮುಚ್ಚಳ ತಿರುಗಿಸುವುದಕ್ಕೂ ಕಾಡಪ್ಪ ಗೇಟು ದಾಟುವುದಕ್ಕೂ ಸರಿಹೋಯಿತು.

ಕಾಡಪ್ಪ ಅಳಿಯನ ಕರಿಕೈ ನೋಡಿದ, ಖಾಲಿ ಡಬ್ಬಿ ನೋಡಿದ, ಹಳೆಯ ಫಿಲ್ಟರ್ ನೋಡಿದ. ಎಣ್ಣೆಯ ಬಣ್ಣ ನೋಡಲು ಬಗ್ಗಿದ. ಶಿವಪ್ರಕಾಶನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಜೋಗಳೇಕರ ಕಾಕಾ, ಎಲ್ಲವನ್ನೂ ತಾವೇ ಎದುರು ನಿಂತು ಮಾಡಿಸಿದ್ದಾಗಿ ಹೇಳಿ ಕಾಡಪ್ಪನ ಕೈ ಹಿಡಿದು ಕುಲುಕತೊಡಗಿದರು. ಕೈ ಬಿಡಿಸಿಕೊಂಡ ಕಾಡಪ್ಪ ನೇರ ಬೈಕು ಹತ್ತಿ ಒಂದು ಸುತ್ತು ಹೋಗಿಬಂದ.

"ಭೇಷ್ ಮಗನ! ಬೆಣ್ಣಿಹಂಗ ಓಡಾಕತ್ತದ. ಇದು ಹೊಸಾ ಎಣ್ಣೀ ಗುಣ ನೋಡು!"

ಅಬ್ಬಾ! ಶಿವಪ್ರಕಾಶನಿಗೆ ಹೋದ ಜೀವ ಬಂದಂತಾಯಿತು. ನಾಳೆ ಭಾನುವಾರ, ನಿಜವಾದ ಎಣ್ಣೆ ತಂದು ಹಾಕಿದರಾಯಿತು. ಸೋಮವಾರದಿಂದ ಬಸ್ಸಿನ ಕಾಟವಿಲ್ಲ.

"ಖರೇ ಹೇಳ್ತೀನಿ ಶಿವ್ಯಾ," ಕಾಡಪ್ಪ ಹೆಲ್ಮೆಟ್ ಏರಿಸಿಕೊಂಡ. "ಗಾಡಿ ಮುದಿ ಆತು, ಗರಗರ ಅಂತದ ಅಂತ ನಿನಗ ಬಿಡಾಂವ ಇದ್ದೆ. ಈಗ ಹೊಸಾದರಂಗ ಆಗ್ಯದ. ಇನ್ನ ಬ್ಯಾರೆ ಬೈಕ್ ಯಾಕ? ಇದನ್ನ ಒಯ್ತೀನಿ."

ಶಿವಪ್ರಕಾಶ ಬಾಯಿ ತೆರೆದ. ನಿಜ ಹೇಳಿದರೆ ಜ್ವಾಕಿ ಬರದವನಿಗೆ ಬೈಕು ಕೊಡುವುದಿಲ್ಲ, ಹೇಳದಿದ್ದರೆ ಒಯ್ಯುತ್ತಾನೆ. ತೆರೆದ ಬಾಯಿ ಮುಚ್ಚಿದ. ಚಹಾ ಕುಡಿಯುವಷ್ಟೂ ತಡೆಯದೆ ಕಾಡಪ್ಪ ಹೊರಟೇಹೋದ.

ಚಹಾದ ಕಪ್ಪು ಹಿಡಿದು ಇಳಿದು ಬಂದ ಯಂಕವ್ವ ಖಾಲಿ ಜಾಗ ನೋಡಿ ಎರಡೂ ಕಣ್ಣಿಗೆ ಸೆರಗು ಒತ್ತಿಕೊಂಡಳು. ತನಗಾಗಿ ಅವ್ವ ಅಳುತ್ತಿದ್ದಾಳೆಂದುಕೊಂಡು ಶಿವಪ್ರಕಾಶ ಅವಳ ಕೈಯಿಂದ ಕಪ್ಪು ತೆಗೆದುಕೊಂಡ.

"ಶನಿದೇವರು ಭಾಳ ದೊಡ್ಡಾಂವ ಅದಾನಪ್ಪಾ," ಎಂದಳು ಯಂಕವ್ವ ನಿಟ್ಟುಸಿರು ಬಿಟ್ಟು. "ಇಷ್ಟೆಲ್ಲಾ ಕಬ್ಬಿಣ ಶನಿವಾರದ ದಿನ ನಮ್ಮ ಮನಿಗೆ ಬರಬಾರದು ಅಂತ ಬೇಡ್ಕೊಂಡೇ ಆ ಡಬ್ಬಿ ಎಣ್ಣಿ ಹಾಕಿದ್ದೆ."