ತಿಪ್ಪೇರುದ್ರಪ್ಪನವರ ಮೀನಿನ ಬಾಣಂತನ

ಏಳು ತಲೆಮಾರಿನಿಂದ ಮೀನನ್ನು ಮೂಸಿಯೂ ನೋಡದ ಮನೆತನದಲ್ಲಿ ಹುಟ್ಟಿದ ತಿಪ್ಪೇರುದ್ರಪ್ಪನವರು, ಒಂದು ಸೋಮವಾರ ಬೆಳಿಗ್ಗೆ, ಹಣೆಯ ವಿಭೂತಿ ಇನ್ನೂ ಆರಿರದ ಹೊತ್ತಿನಲ್ಲಿ, ಓಣಿಯ ಹಿರಿಯರೆದುರು ಘೋಷಿಸಿದರು: "ಶ್ರಾವಣ ಮುಗಿಯೂದ್ರೊಳಗ ನೂರು ಮೀನಿನ ಮರಿ ಸಾಕಿ ತೋರಸ್ತೀನಿ. ಇಲ್ಲಂದ್ರ ಈ ಓಣ್ಯಾಗ ತಲಿ ಎತ್ತಿ ಅಡ್ಡಾಡಂಗಿಲ್ಲ!"

ಸಾವಿರದ ಒಂಬೈನೂರ ನಲವತ್ತೊಂಬತ್ತರ ಮಾತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅದಕ್ಕೂ ಮೊದಲು ಶಪಥಗಳು ಆಗಿರಲಿಲ್ಲವೆಂದಲ್ಲ. ನಶ್ಯ ಬಿಡುತ್ತೇನೆ, ಭಾವಮೈದುನನ ಮುಖ ನೋಡುವುದಿಲ್ಲ ಎಂಬಂಥವು ವಾರಕ್ಕೆರಡು ಹುಟ್ಟಿ ವಾರದೊಳಗೇ ಸಾಯುತ್ತಿದ್ದವು. ಆದರೆ ಹತ್ತಿ ಮಿಲ್ಲಿನ ಗುಮಾಸ್ತರೊಬ್ಬರು ಮೀನಿನ ವಂಶೋದ್ಧಾರಕ್ಕೆ ಕಂಕಣ ಕಟ್ಟಿದ್ದು ಅದೇ ಮೊದಲು.

ಇದಕ್ಕೆ ಕಾರಣ ಚಳಿಜ್ವರ. ಹಿಂದಿನ ವರ್ಷದ ಮಳೆಗಾಲದಲ್ಲಿ ಅದು ಓಣಿಯ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ತಿಪ್ಪೇರುದ್ರಪ್ಪನವರು ನಡುಗಿದ ರೀತಿಯಂತೂ ಇತಿಹಾಸವಾಗಿತ್ತು. ನಾಲ್ಕು ಕಂಬಳಿ ಹೊದಿಸಿ, ಅದರ ಮೇಲೆ ಹೆಂಡತಿ ದಾಕ್ಷಾಯಣಮ್ಮನವರು ಒತ್ತಿ ಹಿಡಿದು ಕೂತರೂ, ಮಂಚ ತಾನಾಗಿಯೇ ನಡೆದು ಬಾಗಿಲ ತನಕ ಬಂದಿತ್ತಂತೆ. ಈ ವರ್ಷ ಮಳೆಗೆ ಮೊದಲೇ ಸಿರುಗುಪ್ಪದ ಕಡೆಯಿಂದ ವರ್ಗವಾಗಿ ಬಂದ ಮಲೇರಿಯಾ ಇನ್ಸ್‌ಪೆಕ್ಟರ್ ಹಂಪಯ್ಯ, ಒಂದು ಮಣ್ಣಿನ ಗಡಿಗೆ ಹಿಡಿದು ಮನೆಮನೆ ಸುತ್ತಿದ. ಗಡಿಗೆಯಲ್ಲಿ ಬೆರಳಿನ ಗೆಣ್ಣಿನಷ್ಟುದ್ದದ ಮೀನುಗಳು. ಬಾವಿಗೆ ಬಿಟ್ಟರೆ ಸೊಳ್ಳೆಯ ಮರಿಗಳನ್ನು ಹುಡುಕಿ ಹುಡುಕಿ ತಿನ್ನುತ್ತವೆ, ಸೊಳ್ಳೆಯಿಲ್ಲದಿದ್ದರೆ ಜ್ವರವಿಲ್ಲ ಎಂಬುದು ಅವನ ವಾದ.

"ತೆಕ್ಕಲಕೋಟಿಯಾಗ ಇಪ್ಪತ್ತು ಬಾವಿಗೆ ಬಿಟ್ಟೀನ್ರಿ," ಎಂದು ಹಂಪಯ್ಯ ಹೇಳಿ ನೋಡಿದ.

"ತೆಕ್ಕಲಕೋಟಿ ತೆಕ್ಕಲಕೋಟಿನೇ," ಎಂದರು ಕಾಡಸಿದ್ದಪ್ಪನವರು. ಓಣಿಗೆಲ್ಲ ಹಿರಿಯರು, ಅವರು ತಲೆಯಾಡಿಸದೆ ಅಲ್ಲಿ ಚರಂಡಿಯ ನೀರೂ ಮುಂದಕ್ಕೆ ಹರಿಯುತ್ತಿರಲಿಲ್ಲ. "ಲಿಂಗಕ್ಕ ಎರಿಯೋ ನೀರಾಗ ಮೀನ ಬಿಡಂತೀಯಲ್ಲಪಾ. ನಿನಗ ತಾಯಿ ತಂದಿ ಅದಾರೋ ಇಲ್ಲೋ?"

ಓಣಿಯ ಆರು ಬಾವಿಗಳ ಬಾಗಿಲೂ ಹಂಪಯ್ಯನ ಮುಖಕ್ಕೆ ಮುಚ್ಚಿಕೊಂಡವು. ಎಲ್ಲಕ್ಕಿಂತ ಗಟ್ಟಿಯಾಗಿ ಮುಚ್ಚಿದ್ದು ತಿಪ್ಪೇರುದ್ರಪ್ಪನವರ ಮನೆಯದೇ. ಸ್ನಾನವಿಲ್ಲದೆ ಬಾವಿಯ ಹಗ್ಗವನ್ನು ಮುಟ್ಟಗೊಡದ ದಾಕ್ಷಾಯಣಮ್ಮನವರು ಆಚಾರದಲ್ಲಿ ಓಣಿಗೇ ಮೇಲ್ಪಂಕ್ತಿ. "ಮೀನ ಬಾವಿಗೆ ಬಿದ್ದ ದಿನ ನಾನು ಕುರುಗೋಡಿನ ಬಸ್ಸಿಗೆ ಬಿದ್ದೆ ಅಂತ ತಿಳೀರಿ," ಎಂದಿದ್ದರು. ಕುರುಗೋಡು ಅವರ ತವರು.

ಆದರೆ ಹಿಂದಿನ ವರ್ಷದ ನಡುಕ ಮರೆಯದ ತಿಪ್ಪೇರುದ್ರಪ್ಪನವರೊಬ್ಬರೇ ಹಂಪಯ್ಯನ ಪರ ನಿಂತು ಶಪಥ ಮಾಡಿದ ಮೇಲೆ, ಕಡೆಗೆ ಒಂದು ರಾಜಿಯಾಯಿತು. ತಿಪ್ಪೇರುದ್ರಪ್ಪನವರು ಮೊದಲು ಗಾಜಿನ ತೊಟ್ಟಿಯಲ್ಲಿ ಮರಿ ಮಾಡಿಸಿ ತೋರಿಸಬೇಕು. ನೀರು ಕೆಡುವುದಿಲ್ಲವೆಂದು ಕಣ್ಣಾರೆ ಕಂಡರೆ, ಕಡೇ ಶ್ರಾವಣ ಸೋಮವಾರ ಕಾಡಸಿದ್ದಪ್ಪನವರು ವಿಚಾರ ಮಾಡುತ್ತಾರೆ. ಹಂಪಯ್ಯನ ಗಡಿಗೆಯಲ್ಲಿ ಅಷ್ಟರಲ್ಲಿ ಉಳಿದಿದ್ದವು ಎರಡೇ ಮೀನು, ಒಂದು ಹೆಣ್ಣು, ಒಂದು ಗಂಡು. ಅವನ್ನು ಒಪ್ಪಿಸುತ್ತ ಅವನು, "ಒಂದ್ ಮಾತು ಸಾಹೇಬ್ರ, ಮರಿ ಹಾಕಿದ ಮ್ಯಾಲೆ ತಾಯಿನ್ನ..." ಎಂದು ಶುರು ಮಾಡಿದ.

ತಿಪ್ಪೇರುದ್ರಪ್ಪನವರು ಕೈಯೆತ್ತಿ ತಡೆದರು. "ತಾಯಿ ಅಂದ ಮ್ಯಾಲೆ ಮುಗೀತು. ತಾಯಿಗೆ ಯಾರರ ಹೇಳಿಕೊಡ್ತಾರೇನಪಾ? ನಾಲ್ಕು ಮಕ್ಕಳ ತಂದಿ ಅದೀನಿ, ನನಗ ಗೊತ್ತೈತಿ, ನಡಿ."

ತೊಟ್ಟಿಯನ್ನು ಅವರೇ ಕಟ್ಟಿದರು. ನಾಲ್ಕು ಕಿಟಕಿ ಗಾಜು, ಸೀಮೆಎಣ್ಣೆ ಡಬ್ಬಿಯ ತಗಡು, ಸಂದುಗಳಿಗೆ ಡಾಂಬರು. ಅತ್ತ ತುಂಗಭದ್ರೆಗೆ ಸರಕಾರ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಇತ್ತ ಪಡಸಾಲೆಯ ಅಣೆಕಟ್ಟಿನ ಇಂಜಿನಿಯರು, ಮೇಸ್ತ್ರಿ, ಕೂಲಿ ಮೂರೂ ಇವರೇ. ಮೂರು ಸಲ ಸೋರಿತು. ಮೂರನೆಯ ಸಲ ಬೀಸುವ ಕಲ್ಲಿನ ಬಳಿಯ ಜೋಳದ ಮೂಟೆ ನೆಂದು ಮೊಳಕೆಯೊಡೆಯಿತು.

"ಅಡ್ಡಿಯಿಲ್ಲ," ಎಂದರು ದಾಕ್ಷಾಯಣಮ್ಮ. "ಮೀನ ಬರೂದ್ರಾಗ ಪೀಕಾದ್ರೂ ಬರ್ಲಿ."

ನಾಲ್ಕನೆಯ ಸಲ ನೀರು ನಿಂತಿತು. ಹೆಣ್ಣು ಮೀನಿನ ಹೊಟ್ಟೆ ದಿನದಿನಕ್ಕೆ ಉಬ್ಬಿತು. ತಿಪ್ಪೇರುದ್ರಪ್ಪನವರು ಮಿಲ್ಲಿನಿಂದ ಬಂದವರೇ ರುಮಾಲು ತೆಗೆಯದೆ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಉಬ್ಬನ್ನು ಅಳೆಯುತ್ತಿದ್ದರು. ತಮ್ಮ ನಾಲ್ಕು ಹೆರಿಗೆಗಳಲ್ಲಿ ಇವರು ಬಾಗಿಲಾಚೆ ನಿಂತು ಗೊರಕೆ ಹೊಡೆದವರೆಂದು ದಾಕ್ಷಾಯಣಮ್ಮ ಪಕ್ಕದ ಮನೆಗೆ ಕೇಳುವಂತೆ ನೆನಪಿಸಿಕೊಂಡರು.

ಆಷಾಢದ ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ಮೂವತ್ತು ಮರಿಗಳು. ಮೊಟ್ಟೆಗಿಟ್ಟೆಯಿಲ್ಲ, ನೇರವಾಗಿ ಈಜುವ ಮರಿಗಳೇ. ರಾಗಿ ಕಾಳಿಗೆ ಬಾಲ ಬಂದ ಹಾಗೆ! ತಿಪ್ಪೇರುದ್ರಪ್ಪನವರು ಓಣಿಯಲ್ಲೆಲ್ಲ ಸಕ್ಕರೆ ಹಂಚಿ ಮಿಲ್ಲಿಗೆ ಹೋದರು. ಸಂಜೆ ಬಂದು ನೋಡಿದರೆ ಹನ್ನೊಂದು. ಮರುದಿನ ನಾಲ್ಕು. ಮೂರನೆಯ ದಿನ ತೊಟ್ಟಿಯಲ್ಲಿ ತಾಯಿ, ತಂದೆ, ನಿರ್ಮಲವಾದ ನೀರು.

ಅವರು ಪಕ್ಕದ ಮನೆಯ ಬೆಕ್ಕಿನ ಮೇಲೆ ಗುಮಾನಿಪಟ್ಟರು. ಬೆಕ್ಕಿನ ಯಜಮಾನಿ ದೊಡ್ಡಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದಳು. "ನಮ್ಮ ಬೆಕ್ಕು ಹಾಲು ಬಿಟ್ಟು ಬ್ಯಾರೆ ಮುಟ್ಟಿದ್ದಲ್ರಿ. ಅದರ ಕೊಳ್ಳಾಗ ಲಿಂಗದ ಕರಡಿಗಿ ಒಂದು ಇಲ್ಲ, ಅಷ್ಟs ಕಮ್ಮಿ!"

ಎರಡನೆಯ ಹೆರಿಗೆಯ ಹೊತ್ತಿಗೆ ತಿಪ್ಪೇರುದ್ರಪ್ಪನವರು ಮಿಲ್ಲಿಗೆ ತಡವಾದರೂ ಸರಿಯೆಂದು ಕಾವಲು ಕೂತರು. ತಾಯಿ ಒಂದು ಮರಿ ಹೆತ್ತಳು, ಎರಡು ಹೆತ್ತಳು, ಮೂರು ಹೆತ್ತಳು. ಆಮೇಲೆ ನಿಧಾನವಾಗಿ ತಿರುಗಿ, ಮೊದಲನೆಯದನ್ನು ಗುಳುಂ ಎನ್ನಿಸಿದಳು. ನಾಲ್ಕು ಮಕ್ಕಳ ತಂದೆಯ ಎದೆ ಒಡೆಯಿತು. ಹಂಪಯ್ಯ ಹೇಳಹೊರಟಿದ್ದ ಆ ಒಂದು ಮಾತು ಯಾವುದೆಂದು ಆಗ ಹೊಳೆಯಿತು.

"ರಾಕ್ಷಸಿ, ಹೆತ್ತ ಮಕ್ಕಳನs ತಿಂತೀಯೇನಲೇ!" ಎಂದು ಬೈಯುತ್ತ ಅವರು, ಉಳಿದವು ಹುಟ್ಟಿದಂತೆಲ್ಲ, ಬೊಗಸೆಯಿಂದ ಮರಿಗಳನ್ನು ಎತ್ತತೊಡಗಿದರು. ಎತ್ತಿ ಹಾಕುವುದೆಲ್ಲಿ? ಹಿತ್ತಿಲ ಕಟ್ಟೆಯ ಮೇಲೆ ನೀರು ತುಂಬಿದ ಒಂದು ತಾಮ್ರದ ಕೊಡವಿತ್ತು. ಗಿಡಕ್ಕೆ ಹಾಕಲು ಇಟ್ಟ ಹಳೆಯ ನೀರಿರಬೇಕೆಂದುಕೊಂಡು, ಬದುಕುಳಿದ ಇಪ್ಪತ್ತೆಂಟು ಅನಾಥರನ್ನು ಅದಕ್ಕೆ ಬಿಟ್ಟು, ಓಡುತ್ತ ಮಿಲ್ಲಿಗೆ ಹೋದರು. ಹೆಂಡತಿಗೆ ಹೇಳಲಿಲ್ಲ. ಅವರು ಪೂಜೆಯಲ್ಲಿದ್ದರು, ಪೂಜೆಯ ನಡುವೆ ಮೀನಿನ ಹೆಸರೆತ್ತುವ ಧೈರ್ಯ ನೂರು ಮರಿ ಸಾಕುವ ವೀರನಿಗೂ ಇರಲಿಲ್ಲ.

ಸಂಜೆ ಬಂದು ನೋಡಿದರೆ ಕೊಡ ಒಳಗಿತ್ತು. ಥಳಥಳ ಬೆಳಗಿ, ತುಂಬಿಸಿ, ಬಾಯಿಗೆ ನೀರು ಸೋಸುವ ಬಿಳಿಯ ಬಟ್ಟೆ ಕಟ್ಟಿ ಇಟ್ಟಿತ್ತು.

"ಕಟ್ಟಿ ಮ್ಯಾಲಿನ ನೀರು ಏನಾತು?" ಎಂದು ಅವರು ಕೇಳಿದರು.

"ಅದು ಅಡಿಗಿ ನೀರು. ಮುಂಜಾನೆ ಸೇದಿಟ್ಟಿದ್ದೆ, ಸೋಸೂದು ಉಳಿದಿತ್ತು." ದಾಕ್ಷಾಯಣಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಸೋಸಿದ್ರ ಅರಿವಿ ತುಂಬ ಹುಳ."

"ಹುಳ?"

"ಹುಳ. ಪುಳುಪುಳು ಅನ್ನಾಕತ್ತಿದ್ವು."

"ಏನು ಮಾಡಿದಿ ಅವನ್ನ?"

"ಏನು ಮಾಡ್ತಾರ? ನಮ್ಮವ್ವ ಕಲಿಸಿದಂಗ ಮಾಡಿದೆ. ಸೋಸಿದ ನೀರು ನಮಗ, ಅರಿವ್ಯಾಗ ಉಳಿದ ಜೀವ ಎಲ್ಲಿಂದ ಬಂದ್ವೋ ಅಲ್ಲಿಗೆ. ಅರಿವಿ ಬಗ್ಗಿಸಿ ಬಾವಿಗೆ ಬಿಟ್ಟೆ."

ತಿಪ್ಪೇರುದ್ರಪ್ಪನವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಮೂರು ತಿಂಗಳು ಭಾಷಣ ಮಾಡಿದರೂ ದಾಕ್ಷಾಯಣಮ್ಮನವರು ಯಾವ ಬಾವಿಯ ಹತ್ತಿರ ಮೀನನ್ನು ಸುಳಿಯಗೊಡಲಿಲ್ಲವೋ, ಆ ಬಾವಿಗೆ ಅವರೇ, ಸ್ವಹಸ್ತದಿಂದ, ಮಡಿಯಲ್ಲಿ, ಇಪ್ಪತ್ತೆಂಟು ಮೀನು ಬಿಟ್ಟಿದ್ದರು! ಆದರೆ ಹೇಳುವಂತಿಲ್ಲ. ಹೇಳಿದರೆ ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿಸಬೇಕು, ಕುರುಗೋಡಿನ ಬಸ್ಸಿನ ವೇಳೆ ವಿಚಾರಿಸಬೇಕು.

ಮರುದಿನ ಬೆಳಿಗ್ಗೆ ದಾಕ್ಷಾಯಣಮ್ಮ ಹಗ್ಗಕ್ಕೆ ಕೈಹಾಕುವುದರೊಳಗೆ ತಿಪ್ಪೇರುದ್ರಪ್ಪನವರು ಮಿಂದು ಒದ್ದೆ ಪಂಚೆಯಲ್ಲಿ ಅಲ್ಲಿ ಹಾಜರಾಗಿದ್ದರು. "ಬಿಡು, ನಾ ಸೇದ್ತೀನಿ. ನಿನಗ ಬೆನ್ನು ನೋವು."

"ನನಗ ಯಾವಾಗ ಬೆನ್ನು ನೋವು ಬಂತು?"

"ಬರೂದಕ್ಕಿಂತ ಮೊದಲs ನೋಡ್ಕೋಬೇಕು."

ಕೊಡದಲ್ಲಿ ಮರಿ ಬಂದರೆ ಹೆಂಡತಿ ಕಾಣುವ ಮೊದಲೇ ಹಿಡಿದು ತಿರುಗಿ ಬಾವಿಗೆ ಬಿಡುವುದು ಅವರ ಯುದ್ಧತಂತ್ರ. ಹಾಗೆ ಸೇದಿದ್ದು ಒಂದು ದಿನವಲ್ಲ, ಇಪ್ಪತ್ತಾರು ದಿನ. ಬೆಳಿಗ್ಗೆ ಹನ್ನೆರಡು ಕೊಡ, ಸಂಜೆ ಆರು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು, ಅದರ ಮೇಲೆ ಮತ್ತೆ ಬೊಬ್ಬೆ. ಮಿಲ್ಲಿನಲ್ಲಿ ಲೇಖನಿ ಹಿಡಿಯಲಾಗದೆ ರಸೀದಿಯ ಅಕ್ಷರಗಳೆಲ್ಲ ಚಳಿಜ್ವರ ಬಂದಂತೆ ನಡುಗಿದವು. ಓಣಿಯ ಹೆಂಗಸರು ಗಂಡಂದಿರನ್ನು ಕರೆತಂದು ಗೋಡೆಯಾಚೆಯಿಂದ ಈ ದೃಶ್ಯವನ್ನು ತೋರಿಸಿದರು. "ನೋಡ್ರಿ, ಕಲೀರಿ," ಎಂದಳು ದೊಡ್ಡಬಸಮ್ಮ ತನ್ನ ಗಂಡನಿಗೆ. ಆತ ಆ ವಾರವೆಲ್ಲ ತಿಪ್ಪೇರುದ್ರಪ್ಪನವರ ಜೊತೆ ಮಾತು ಬಿಟ್ಟಿದ್ದ.

ಇತ್ತ ತೊಟ್ಟಿಯಲ್ಲಿ ಮರಿಯಿಲ್ಲವೆಂಬುದನ್ನು ಮುಚ್ಚಬೇಕಲ್ಲ. ಅದಕ್ಕೆ ದುಪ್ಪಟಿ ಹೊದಿಸಿ, "ಬಾಣಂತಿ ಕೋಣಿ. ಗಾಳಿ ತಾಕಬಾರದು, ದೃಷ್ಟಿ ಬೀಳಬಾರದು," ಎಂದು ಬಂದವರನ್ನೆಲ್ಲ ಹೊಸ್ತಿಲಿಂದಲೇ ತಿರುಗಿ ಕಳಿಸಿದರು.

ಕಡೇ ಶ್ರಾವಣ ಸೋಮವಾರ ಬಂದೇ ಬಂತು. ಖಾಕಿ ತೊಟ್ಟ ಹಂಪಯ್ಯ ಬಂದ. ಕಾಡಸಿದ್ದಪ್ಪನವರು ಬಂದರು. ಅವರ ಹಿಂದೆ ಅರ್ಧ ಓಣಿ ಬಂತು. ಕಾಡಸಿದ್ದಪ್ಪನವರು ತಾವೇ ದುಪ್ಪಟಿ ಎತ್ತಿದರು. ಒಳಗೆ ಇಬ್ಬರೇ, ದುಂಡುದುಂಡಾದ ದಂಪತಿ.

"ನೂರು ಮರಿ ಎಲ್ಲಿ ರುದ್ರಪ್ಪಾ?"

ತಿಪ್ಪೇರುದ್ರಪ್ಪನವರು ಹಿತ್ತಿಲ ಕಡೆ ನೋಡಿದರು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ನೋಡಿದರು. ಬಾವಿಯಲ್ಲಿವೆ ಎಂದರೆ, ನೂರಿಲ್ಲದಿದ್ದರೂ, ಶಪಥದ ಮಾನ ಉಳಿಯುತ್ತದೆ. ಆದರೆ ಇಷ್ಟು ಜನರೆದುರು ದಾಕ್ಷಾಯಣಮ್ಮನ ಆಚಾರ ಬೀದಿಪಾಲು. ನಾಳೆಯಿಂದ ಆಕೆಯ ಮನೆಯಲ್ಲಿ ಯಾರೂ ನೀರು ಮುಟ್ಟರು. ಅವರು ಬೊಬ್ಬೆಯೆದ್ದ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ತಲೆ ತಗ್ಗಿಸಿ, "ಸತ್ತು ಹೋದ್ವು," ಎಂದರು. "ನನ್ನಿಂದ ಆಗಲಿಲ್ಲ."

ಯಾರೋ ಕಿಸಕ್ಕೆಂದರು. ಹಂಪಯ್ಯ ಬೇಸರದಿಂದ ಟೋಪಿ ಕೈಗೆತ್ತಿಕೊಂಡ. ಈ ವರ್ಷದ ಮಳೆಗೂ ಓಣಿಯ ಮಂಚಗಳು ನಡೆದಾಡುವುದು ಖಾಯಂ ಎಂಬಂತಾಯಿತು.

"ಯಾಕ ಸಾಯ್ತಾವ?" ಎಂದರು ದಾಕ್ಷಾಯಣಮ್ಮ ಬಾಗಿಲಿಂದ. "ಬಾವ್ಯಾಗ ಅದಾವ. ಇಣಿಕಿ ನೋಡ್ರಿ."

ಹಂಪಯ್ಯ ಓಡಿ ಒಂದು ಕೊಡ ಸೇದಿದ. ಮೂರು ಮೀನು, ಚುರುಕಾಗಿ ಸುತ್ತು ಹೊಡೆಯುತ್ತಿದ್ದವು. ತನ್ನ ಬಿಳಿ ಬೋಗುಣಿಯಲ್ಲಿ ನಾಲ್ಕು ಸಲ ನೀರು ಮೊಗೆದು ಬಿಸಿಲಿಗೆ ಹಿಡಿದ. ಸೊಳ್ಳೆಯ ಮರಿ ಒಂದೂ ಇಲ್ಲ.

ಕಾಡಸಿದ್ದಪ್ಪನವರು ಬೋಗುಣಿಯೊಳಗೆ ಬಗ್ಗಿ ನೋಡಿ, ದಾಕ್ಷಾಯಣಮ್ಮನ ಕಡೆ ತಿರುಗಿದರು. "ತಂಗೀ, ಇದs ನೀರಿಲೆ ಪೂಜಿ ಮಾಡೀಯೇನು?"

"ಇಪ್ಪತ್ತಾರು ದಿನ ಮಾಡೀನಿ ಅಣ್ಣಾರ. ನಿಮಗ ಮೊನ್ನೆ ಕುಡಿಯಾಕ ಕೊಟ್ಟದ್ದೂ ಇದs ನೀರು. ಸೋಸಿದ ಮ್ಯಾಲೆ ನೀರು ನೀರs ಅಲ್ರೀ? ಅರಿವ್ಯಾಗ ಉಳಿದ ಜೀವ ಕೊಲ್ಲು ಅಂತ ನಮಗ್ಯಾರೂ ಹೇಳಿಲ್ಲ."

ಕಾಡಸಿದ್ದಪ್ಪನವರು ಹೊಟ್ಟೆಯ ಮೇಲೆ ಕೈಯಿಟ್ಟು ಮೊನ್ನೆ ಕುಡಿದ ನೀರನ್ನು ನೆನೆದರು. ಹೊಟ್ಟೆಯಿಂದ ದೂರೇನೂ ಬರಲಿಲ್ಲ. "ದಾಕ್ಷಾಯಣಮ್ಮಗ ನಡೀತೈತಿ ಅಂದ್ರ ನಮ್ಮದೇನೈತಿ?" ಎಂದು ಗುಂಪಿನ ಕಡೆ ತಿರುಗಿದರು. "ತಂಗೀ, ನಮ್ಮ ಬಾವಿಗೂ ನಾಲ್ಕು ಹಾಕು. ಆದ್ರ ನೀನs ಅರಿವಿಲೆ ಬಗ್ಗಿಸಬೇಕು. ಇವನ ಕೈ ಬ್ಯಾಡ, ಇವನ ಕೈಯಾಗ ಸಾಯ್ತಾವಂತ."

ಅಂದು ಸಂಜೆಯೊಳಗೆ ಉಳಿದ ಐದೂ ಬಾವಿಗಳಿಗೆ ಮೀನು ಬಿದ್ದವು. ಮುಂದೆ ಬಟ್ಟೆ ಹಿಡಿದು ದಾಕ್ಷಾಯಣಮ್ಮ, ಹಿಂದೆ ಕೊಡ ಹೊತ್ತು ತಿಪ್ಪೇರುದ್ರಪ್ಪ. ಹಂಪಯ್ಯ ತನ್ನ ಪುಸ್ತಕದಲ್ಲಿ ದಾಕ್ಷಾಯಣಮ್ಮನ ಹೆಸರು ಬರೆದುಕೊಂಡ. ಕೊಡ ಹೊತ್ತವರ ಹೆಸರಿಗೆ ಅದರಲ್ಲಿ ಜಾಗವಿರಲಿಲ್ಲ.

ಮನೆಗೆ ಬಂದು ಕೊಡ ಇಳಿಸಿ, ಬಾವಿಕಟ್ಟೆಯ ಮೇಲೆ ಉಸ್ಸೆಂದು ಕೂತ ತಿಪ್ಪೇರುದ್ರಪ್ಪನವರು ಮೆಲ್ಲಗೆ ಕೇಳಿದರು. "ಅಲ್ಲ, ಅವು ಮೀನು ಅಂತ ನಿನಗ ಯಾವಾಗ ಗೊತ್ತಾತು?"

"ಅರಿವ್ಯಾಗ ನೋಡಿದಾಗs. ಹುಳಕ್ಕ ಅಂಥ ಕಣ್ಣು, ಬಾಲ ಇರ್ತಾವೇನ್ರಿ? ಮೀನ ಅಂದಿದ್ರ ನಾನs ಬ್ಯಾಡ ಅನಬೇಕಾಗ್ತಿತ್ತು. ಹುಳ ಅಂದೆ, ಮುಗೀತು. ಹೋದ ವರ್ಷ ನೀವು ನಡುಗಿದ್ದು ನನ್ನ ಕೈಯಾಗ ಇನ್ನೂ ಐತಿ."

ತಿಪ್ಪೇರುದ್ರಪ್ಪನವರ ಕಣ್ಣು ತುಂಬಿ ಬಂತು. ಆಮೇಲೆ ತಮ್ಮ ಅಂಗೈ ಕಣ್ಣಿಗೆ ಬಿತ್ತು. "ಹಂಗಾದ್ರ ಮೊದಲನೇ ದಿನಾನs ನನಗ ಹೇಳಬಾರದಾಗಿತ್ತೇನ?"

ದಾಕ್ಷಾಯಣಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಹೊರಟರು. "ಹೇಳಿದ್ರ ನೀರು ಯಾರು ಸೇದತಿದ್ರು?"