ರಾಜಪಾರ್ಟಿನವಳಿಗೂ ಒಂದು ಕುಂಕುಮ

ಗಂಡು ವೇಷ ಹಾಕುವ ಹೆಂಗಸಿನ ಬಾಳಿನಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ನಗು ಬರುವ ಮೊದಲು ಮೈಯೆಲ್ಲ ಉರಿದುಹೋಗುತ್ತದೆ, ಅಷ್ಟೆ. ಐವತ್ತರ ದಶಕದ ಕೊನೆಯಲ್ಲಿ ನಾನು ಮದರಾಸಿನಲ್ಲಿ, ಹೆಂಗಸರೇ ಆಡುವ ಒಂದು ನಾಟಕ ಕಂಪನಿಯಲ್ಲಿ ರಾಜಪಾರ್ಟು ಮಾಡುತ್ತಿದ್ದೆ. ನನ್ನ ಗಂಡ ಅಲ್ಲೇ ಹಾರ್ಮೋನಿಯಂ ನುಡಿಸುತ್ತಿದ್ದರು. ತಿರುವಲ್ಲಿಕೇಣಿಯ ಒಂದು ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಬೀದಿಯಲ್ಲಿ ಕನ್ನಡದವರ ಮನೆಗಳೇ ಹೆಚ್ಚು. ನವರಾತ್ರಿ ಬಂದರೆ ಮನೆಮನೆಗೂ ಹೋಗಿ ಮುತ್ತೈದೆಯರನ್ನು ಕುಂಕುಮಕ್ಕೆ ಕರೆಯುತ್ತಿದ್ದರು. ನನ್ನ ಬಾಗಿಲು ಮಾತ್ರ ದಾಟಿ ಹೋಗುತ್ತಿದ್ದರು. ಮೀಸೆ ಅಂಟಿಸಿಕೊಳ್ಳುವವಳು ಎಂಥ ಮುತ್ತೈದೆ ಅಂತ ಅವರ ವಾದ. ನನ್ನ ಕತ್ತಿನ ತಾಳಿ ಯಾರ ಕಣ್ಣಿಗೂ ಬೀಳಲಿಲ್ಲ.

ಕೊಳಾಯಿ ಹತ್ತಿರ

ಒಂದು ಬೆಳಿಗ್ಗೆ ಬೀದಿ ಕೊಳಾಯಿಗೆ ಹೋದಾಗ ನನ್ನ ತುಟಿಯ ಮೇಲೆ ಹಿಂದಿನ ದಿನದ ಮೀಸೆಯ ಒಂದೆರಡು ಕೂದಲು ಅಂಟಿಕೊಂಡೇ ಇದ್ದವು. ಪಕ್ಕದ ಮನೆಯಾಕೆ ನೋಡಿದ್ದೇ ತನ್ನ ಕೊಡ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಯ್ಯೋ, ಮುಟ್ಟಬೇಡಿ! ಮಡಿನೀರು ಹಿಡಿದಿದೀನಿ."

"ಅದು ಬರೀ ಅಂಟು ಕಣ್ರೀ, ಕಾಯಿಲೆ ಅಲ್ಲ," ಅಂದೆ.

ಆಕೆ ಸೆರಗು ಮುದುರಿಕೊಂಡು ಹೊರಟಳು. ನಾನು ಹಲ್ಲು ಕಡಿಯುತ್ತಾ ನಿಂತಿದ್ದೆ. ತಿರುವಿನ ತನಕ ಹೋದವಳು ವಾಪಸು ಬಂದಳು.

"ಶನಿವಾರದ ನಾಟಕಕ್ಕೆ ಪಾಸ್ ಸಿಗುತ್ತಾ? ಮುಂದಿನ ಸಾಲಾದ್ರೆ ಒಳ್ಳೇದು. ನೀವು ಮೀಸೆ ತಿರುವೋದು ಹಿಂದಿನಿಂದ ಸರಿಯಾಗಿ ಕಾಣಲ್ಲ."

ಮಾಲೀಕರ ಮಗ

ನಮ್ಮ ಮನೆ ಮಾಲೀಕರು ಒಂದು ನಾಟಕ ಸಭಾದ ಕಾರ್ಯದರ್ಶಿ. ಒಮ್ಮೆ ನಾಟಕ ಮುಗಿದ ಮೇಲೆ ನನಗೆ ಹಾರ ಹಾಕಿ ಭಾಷಣ ಮಾಡಿದರು. "ಈಕೆಯ ಅಭಿನಯ ಅಮೋಘ. ಆದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಇದನ್ನೆಲ್ಲ ಕಲಿಯಬಾರದು." ಹಾರವನ್ನು ಅಲ್ಲೇ ಕಿತ್ತೆಸೆಯಬೇಕು ಅನ್ನಿಸಿತು.

ಮಾರನೆಯ ದಿನ ಅವರೇ ಮಗನನ್ನು ಕರೆದುಕೊಂಡು ಹಿತ್ತಲಿಗೆ ಬಂದರು. ಕಚೇರಿ ಕೆಲಸದ ಹುಡುಗ, ಎತ್ತರದ ಆಳು, ಆದರೆ ನಿಂತರೆ ಗೂನು.

"ನಾಳಿದ್ದು ಇವನು ಹೆಣ್ಣು ನೋಡೋಕೆ ಹೋಗ್ಬೇಕು. ಗಂಡಸಿನ ಹಾಗೆ ನಡೆಯೋದು ಸ್ವಲ್ಪ ಹೇಳಿಕೊಡೀಮ್ಮ. ಯಾರ ಹತ್ರಾನೂ ಹೇಳ್ಬೇಡಿ."

ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಅವನನ್ನು ನಡೆಸಿದೆ. ಎದೆ ಎತ್ತು, ಕಾಲು ಬೀಸು, ನೆಲ ನೋಡಬೇಡ. ಸಂಬಂಧ ಕುದುರಿತು. ಮದುವೆಗೆ ನನ್ನನ್ನು ಕರೆಯಲಿಲ್ಲ. ನನ್ನ ನಡಿಗೆಯೊಂದೇ ಮಂಟಪಕ್ಕೆ ಹೋಗಿಬಂತು.

ಗೊಂಬೆ ಕೂರಿಸಿದ ದಿನ

ಆ ನವರಾತ್ರಿಯಲ್ಲಿ ಕುಂಕುಮಕ್ಕೆ ಕರೆಯುವ ಕೆಲಸ ಮಾಲೀಕರ ಮನೆಯ ಹೊಸ ಸೊಸೆಗೆ ಬಿತ್ತು. ಕುಂಭಕೋಣದ ಕಡೆಯ ಹುಡುಗಿ, ಬೀದಿಯ ಕಟ್ಟುಪಾಡು ಅವಳಿಗೇನು ಗೊತ್ತು? ನನ್ನ ಬಾಗಿಲಿಗೂ ಬಂದು, "ಮಾಮಿ, ಸಾಯಂಕಾಲ ಕುಂಕುಮಕ್ಕೆ ಬಂದ್ಬಿಡಿ," ಅಂದಳು.

ಮದುವೆ ಸೀರೆ ಉಟ್ಟು ಹೋದೆ. ಗೊಂಬೆಗಳ ಮುಂದೆ ಚಾಪೆಯ ಮೇಲೆ ಕೂತಿದ್ದ ಹೆಂಗಸರು ಒತ್ತೊತ್ತಾಗಿ ಸರಿದು, ನನಗೆ ಒಂದು ಮೂಲೆ ಬಿಟ್ಟರು. ಕುಂಕುಮದ ಭರಣಿ ಹಿಡಿದು ಎಲ್ಲರ ಹಣೆಗೂ ಇಡುತ್ತಾ ಬಂದ ಅವಳ ಅತ್ತೆ ನನ್ನ ಮುಂದೆ ನಿಂತುಬಿಟ್ಟರು.

"ನೀವು ಹೊರಗೆ ಜಗಲಿ ಮೇಲೆ ಗಂಡಸರ ಜೊತೆ ಕೂತ್ಕೊಳ್ಳಿ. ಅಲ್ಲಿಗೇ ಚಂದನ ಕಳಿಸ್ತೀನಿ."

ನನಗೆ ರೇಗಿಹೋಯಿತು. ಎದ್ದೆ. ಎದೆ ಎತ್ತಿ, ಕಾಲು ಬೀಸಿ, ರಾಜ ಸಭೆಯಿಂದ ಎದ್ದುಹೋಗುವ ಹಾಗೆ ಬಾಗಿಲಿನ ಕಡೆ ನಡೆದೆ.

ಸೊಸೆ ಚಪ್ಪಾಳೆ ತಟ್ಟಿದಳು. "ಅತ್ತೆ, ನೋಡಿ! ಮಾಮಿ ನಮ್ಮವರ ಹಾಗೇ ನಡೀತಾರೆ!"

ಹೊಸ್ತಿಲ ಮೇಲೆ ನಿಂತು ತಿರುಗಿದೆ. "ನಾನು ಅವರ ಹಾಗಲ್ಲಮ್ಮ, ಅವರು ನನ್ನ ಹಾಗೆ. ಯಾಕೆ ಅಂತ ನಿಮ್ಮ ಮಾವನವರನ್ನೇ ಕೇಳು."

ಉಯ್ಯಾಲೆಯಲ್ಲಿದ್ದ ಮಾಲೀಕರು ಪೇಪರು ಬಿಸಾಡಿ ಎದ್ದರು. "ಲೇ, ಏನು ನೋಡ್ತಾ ನಿಂತಿದೀಯ? ಮೊದಲು ಅವರಿಗೆ ಕುಂಕುಮ ಕೊಡೇ!"

ಚಾಪೆಯ ನಟ್ಟನಡುವೆ ಹೋಗಿ ಕೂತೆ. ಸೊಸೆಯೇ ಅತ್ತೆಯ ಕೈಯಿಂದ ಭರಣಿ ಇಸಕೊಂಡು ನನ್ನ ಹಣೆ ತುಂಬ ಕುಂಕುಮ ಇಟ್ಟಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ನಿಜ ಹೇಳ್ಬೇಕಂದ್ರೆ ಮಾಮಿ, ಆ ನಡಿಗೆ ನಿಮಗೇ ಚೆನ್ನಾಗಿ ಒಪ್ಪುತ್ತೆ."